ತೂತುಗಾಸಿನ ನೆರಳು

ಗಿರಿಜಾಂಬಾಳನ್ನು ನಾನು ಮೊದಲು ನೋಡಿದ್ದು ೧೯೫೨ರ ಜೂನ್ ತಿಂಗಳಿನಲ್ಲಿ. ಬಿ.ಎಸ್‌ಸಿ. ತರಗತಿಗೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ದಿನ ಅದು. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯಾಟರಿಗಳನ್ನು ಒರೆಸುತ್ತ ಕುಳಿತಿದ್ದೆ. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಲಷ್ಕರ್ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದ ಏಕಾಂತಯ್ಯನವರು ಮಗಳನ್ನು ಕರೆದುಕೊಂಡು ಒಳಗೆ ಬಂದರು. ಚಪ್ಪಲಿ ಬಿಡಬೇಕಾಗಿಲ್ಲ ಎಂದರೂ ಕೇಳಲಿಲ್ಲ.

"ವಿದ್ಯೆ ಇರೋ ಜಾಗ, ಇರಲಿ ಬುಡಿ ಸಾರ್. ನಾನು ಒಂದೇ ಮಾತು ಕೇಳ್ಕೊಂಡು ಹೋಗ್ತೀನಿ. ಇವಳು ಫಿಸಿಕ್ಸೇ ಬೇಕು ಅಂತ ಕೂತವಳೆ. ಅದನ್ನ ಓದ್ದೋರು ಆಮೇಲೆ ಏನಾಗ್ತಾರೆ?"

ನನಗೆ ತಿಳಿದಷ್ಟು ಹೇಳಿದೆ. ಮೊದಲ ದರ್ಜೆ ಬಂದರೆ ಎಂ.ಎಸ್‌ಸಿ.ಗೆ ಹೋಗಬಹುದು, ಆದರೆ ಸೀಟುಗಳು ಬಹಳ ಕಡಿಮೆ. ಹಿಂದಿನ ವರ್ಷ ತೇರ್ಗಡೆಯಾದ ಒಬ್ಬ ಹುಡುಗ ಬೆಂಗಳೂರಿನ ಹವಾಮಾನ ಕಚೇರಿ ಸೇರಿದ್ದಾನೆ. ಇನ್ನೊಬ್ಬ ರೇಡಿಯೋ ನಿಲಯದಲ್ಲಿದ್ದಾನೆ. ವಿದ್ಯುತ್ ಇಲಾಖೆಗೂ ಕೆಲವರು ಹೋಗುತ್ತಾರೆ. ಹೆಣ್ಣುಮಕ್ಕಳಾದರೆ ಬಿ.ಟಿ. ಎಂಬ ಶಿಕ್ಷಕರ ತರಬೇತಿ ಮುಗಿಸಿಕೊಂಡು ಹೈಸ್ಕೂಲಿನಲ್ಲಿ ಪಾಠ ಹೇಳುವುದು.

"ಅಂದ್ರೆ ಕಲ್ತದ್ದನ್ನೇ ಕಲಿಸೋದು. ನಾನೂ ಹಗ್ಗ ಕೊಂಡು ಹಗ್ಗಾನೇ ಮಾರ್ತೀನಿ. ಸರಿಹೋಯ್ತು!" ಎಂದು ಏಕಾಂತಯ್ಯನವರು ನಕ್ಕರು. ಆಮೇಲೆ ಮೇಜಿನ ಮೇಲಿದ್ದ ತಂತಿಗಳ ಕಡೆ ನೋಡಿ ದನಿ ತಗ್ಗಿಸಿದರು. "ಕರೆಂಟು ಹೊಡೆಯಾಕಿಲ್ವಾ ಸಾರ್? ಒಬ್ಬಳೇ ಮಗಳು."

ತಂದೆಯ ಹಿಂದೆ ನಿಂತಿದ್ದ ಹುಡುಗಿ ಆಗ ಕೇಳಿದಳು: "ಹೊಡೆಯೋದು ಯಾವುದು, ಹೊಡೆಯದೇ ಇರೋದು ಯಾವುದು ಅಂತ ಮೊದಲೇ ಹೇಳಿಕೊಡ್ತೀರಾ ಸಾರ್?"

ಅವಳ ಸ್ವಭಾವವೇ ಅದು. ಎರಡು ವರ್ಷವೂ ಅವಳು ಹೆದರುತ್ತಲೇ ಓದಿದಳು. ಇಂಡಕ್ಷನ್ ಕಾಯಿಲ್‌ನಿಂದ ಕಿಡಿ ಹಾರುವಾಗ ಉಳಿದ ಹುಡುಗಿಯರು ಕಿರುಚಿ ಆಮೇಲೆ ನಗುತ್ತಿದ್ದರು. ಇವಳು ಕಿರುಚುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಬಿಳಿಚಿಕೊಂಡು ನಿಂತು ಅಳತೆ ಬರೆದುಕೊಳ್ಳುತ್ತಿದ್ದಳು. ಅವಳ ಪ್ರಯೋಗದಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಒಂದು ತಂತಿಯನ್ನು ಮುಟ್ಟುವ ಮೊದಲು ಅದರ ಎರಡು ತುದಿಗಳೂ ಎಲ್ಲಿವೆಯೆಂದು ನೋಡುತ್ತಿದ್ದಳು.

ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದ್ದರಿಂದ ಎಂ.ಎಸ್‌ಸಿ. ಆಸೆ ಅಲ್ಲಿಗೇ ನಿಂತಿತು. ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಲು ಸೇರಿದಳು. ತರಗತಿಯಲ್ಲಿ ಕರಿಹಲಗೆಯ ಕಡೆ ತಿರುಗಿಕೊಂಡೇ ಪಾಠ ಹೇಳುತ್ತಿದ್ದಳಂತೆ. ಹಿಂದಿನ ಬೆಂಚಿನವರು "ಕೇಳ್ಸಲ್ಲ ಮಿಸ್" ಎಂದು ಕೂಗುತ್ತಿದ್ದರಂತೆ; ಕೂಗಿದಷ್ಟೂ ಇವಳ ದನಿ ಒಳಕ್ಕೆ ಹೋಗುತ್ತಿತ್ತಂತೆ. ವರ್ಷ ಮುಗಿಯುವ ಮೊದಲೇ ನನ್ನ ಮನೆಗೆ ಬಂದು ಬೇರೆ ಏನಾದರೂ ದಾರಿಯಿದೆಯೇ ಎಂದು ಕೇಳಿದಳು.

ದಾರಿ ತಾನಾಗಿ ಬಂತು. ನಗರದ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗಕ್ಕೆ ಹೆಂಗಸೊಬ್ಬರು ಬೇಕಾಗಿದ್ದರು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಹೆಂಗಸರು ಗಂಡಸಿನ ಎದುರು ಸೆರಗು ಸರಿಸಿ ಮಲಗಲು ಒಪ್ಪದೆ ಹಾಗೆಯೇ ಊರಿಗೆ ಹಿಂತಿರುಗುತ್ತಿದ್ದರಂತೆ. ಮುಖ್ಯ ವೈದ್ಯರಾದ ಡಾಕ್ಟರ್ ರುದ್ರಸ್ವಾಮಿಯವರು, ಭೌತಶಾಸ್ತ್ರ ಓದಿದ ಹುಡುಗಿಯಿದ್ದರೆ ಕಳುಹಿಸಿ ಎಂದು ಕಾಲೇಜಿಗೆ ಹೇಳಿಕಳುಹಿಸಿದರು. ಗಿರಿಜಾಂಬಾ ಒಪ್ಪಿದಳು. ಮದರಾಸಿಗೆ ಹೋಗಿ ತರಬೇತಿ ಮುಗಿಸಿಕೊಂಡು ಬಂದು ೧೯೫೬ರಲ್ಲಿ ಕೆಲಸಕ್ಕೆ ಸೇರಿದಳು. ಎದುರಿಗೆ ಕೂಗುವ ತರಗತಿಯಿಲ್ಲ, ಅರೆಗತ್ತಲ ಕೋಣೆ, ಒಂದು ಸಲಕ್ಕೆ ಒಬ್ಬರೇ ರೋಗಿ. ಅವಳಿಗೆ ಅದು ಹಿಡಿಸಿತು.

ಅಲ್ಲಿ ಮೊದಲಿನಿಂದ ಇದ್ದವರು ಕಾಳಯ್ಯ. ಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ಯಂತ್ರ ನಡೆಸುವುದನ್ನು ಕಲಿತವರು. ಬೆಳಿಗ್ಗೆ ಯಂತ್ರ ಸರಿಯಾಗಿದೆಯೇ ಎಂದು ನೋಡಲು ಅವರು ತಮ್ಮ ಎಡಗೈಯನ್ನೇ ಕಿರಣಕ್ಕೆ ಒಡ್ಡಿ, ಎದುರಿನ ಹೊಳೆಯುವ ಪರದೆಯ ಮೇಲೆ ಬೆರಳಿನ ಮೂಳೆಗಳನ್ನು ನೋಡುತ್ತಿದ್ದರು. ಆ ಕೈಯ ಚರ್ಮ ಬಿರುಕುಬಿಟ್ಟು ಒಣಗಿದ ಕೆರೆಯಂತಾಗಿತ್ತು. ಉಗುರುಗಳು ಕಪ್ಪಾಗಿ ಸೀಳಿದ್ದವು.

"ಕೈ ಒಡ್ಡಬೇಡಿ ಕಾಳಯ್ಯನೋರೇ, ದಮ್ಮಯ್ಯ" ಎಂದು ಇವಳು ಕೇಳಿಕೊಂಡರೆ, ಅವರು ನಗುತ್ತಿದ್ದರು.

"ಅಯ್ಯೋ ಬುಡವ್ವ. ನೀನು ಲಂಗ ಹಾಕ್ಕಂಡು ಓಡಾಡೋವಾಗಿಂದ ಒಡ್ತಾ ಇವ್ನಿ. ಏನಾಗದೆ? ಇದು ಬರೀ ಒಣಚರ್ಮ. ಹರಳೆಣ್ಣೆ ಹಚ್ಚುದ್ರೆ ಸರಿಹೋಯ್ತದೆ."

ಗಿರಿಜಾಂಬಾ ಆ ಕೈಯನ್ನು ದಿನವೂ ನೋಡುತ್ತಿದ್ದಳು. ಆ ಕೈಯ ಭಯದಿಂದಲೇ ಅವಳು ಮದರಾಸಿನಲ್ಲಿ ಕಲಿತಿದ್ದ ಒಂದು ಪರೀಕ್ಷೆಯನ್ನು ತಾನಾಗಿ ಮಾಡತೊಡಗಿದಳು. ಹಲ್ಲಿನ ಚಿತ್ರ ತೆಗೆಯುವ ಪುಟ್ಟ ಫಿಲಂ ಬೆಳಕು ತಾಗದಂತೆ ಕಪ್ಪು ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಆ ಪೊಟ್ಟಣದ ಮೇಲೆ ನಾಣ್ಯವೊಂದನ್ನು ಅಂಟಿಸಿ ಕೆಲಸದ ಬಿಳಿ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಎರಡು ವಾರದ ಮೇಲೆ ತೊಳೆದು ನೋಡಬೇಕು. ಫಿಲಂ ತಿಳಿಯಾಗಿದ್ದರೆ ಮೈಗೆ ಕಿರಣ ತಾಗಿಲ್ಲ. ಫಿಲಂ ಕಪ್ಪಾಗಿ, ನಾಣ್ಯವಿದ್ದ ಕಡೆ ಮಾತ್ರ ಬೆಳ್ಳನೆಯ ನೆರಳು ಬಿದ್ದಿದ್ದರೆ ತಾಗಿದೆಯೆಂದು ಅರ್ಥ. ಅವಳು ಅಂಟಿಸಿದ್ದು ಒಂದು ತೂತುಗಾಸನ್ನು. ಯುದ್ಧದ ಕಾಲದ, ನಡುವೆ ತೂತಿದ್ದ ಆ ಕಾಸುಗಳು ಆಗಿನ್ನೂ ಎಲ್ಲರ ಮನೆಯ ಡಬ್ಬಿಗಳಲ್ಲೂ ಇದ್ದವು.

ಅಷ್ಟರಲ್ಲಿ ಅವಳಿಗೆ ಮದುವೆಯಾಗಿತ್ತು. ಗಂಡ ಪ್ರಭುಸ್ವಾಮಿ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದ, ಮೆತ್ತನೆಯ ಮಾತಿನವನು. ಅತ್ತೆ ದೇವಿರಮ್ಮನವರು ಸೊಸೆ ಕೆಲಸಕ್ಕೆ ಹೋಗುವುದನ್ನು ಬೇಡವೆನ್ನಲಿಲ್ಲ. ಒಂದೇ ಕಟ್ಟಳೆ ಇಟ್ಟಿದ್ದರು. ರೋಗಿಗಳನ್ನು ಮುಟ್ಟಿದ ಬಟ್ಟೆ ಹೊಸಿಲು ದಾಟಬಾರದು. ಸೀರೆಯನ್ನು ಹಿತ್ತಲಲ್ಲೇ ಬದಲಾಯಿಸಿ, ಸ್ನಾನ ಮಾಡಿ ಒಳಗೆ ಬರಬೇಕು. ಕೋಟಂತೂ ಮನೆಯ ಕಡೆ ಸುಳಿಯಲೇ ಕೂಡದು.

೧೯೫೮ರ ಏಪ್ರಿಲ್ ತಿಂಗಳ ಒಂದು ಸಂಜೆ ಗಿರಿಜಾಂಬಾ ನನ್ನ ಮನೆಗೆ ಬಂದಳು. ನನ್ನನ್ನು ಮಾತಾಡಿಸದೆ ನೇರವಾಗಿ ಅಡುಗೆಮನೆಗೆ ಹೋದಳು. ಒಳಗೆ ಪಿಸುಮಾತು ನಡೆಯಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಹೆಂಡತಿ ಇಂದ್ರಮ್ಮ ಹೊರಗೆ ಬಂದಳು. ಅವಳ ಮುಖವೂ ಇಳಿದುಹೋಗಿತ್ತು.

"ಅವಳಿಗೆ ಮೂರು ತಿಂಗಳು ಕಣ್ರೀ. ಅದನ್ನ ನಿಮ್ಮ ಹತ್ತಿರ ಹೇಳೋಕೆ ನಾಚಿಕೆ. ಏನೋ ಫಿಲಂ ತಂದಿದ್ದಾಳೆ. ನೀವೇ ನೋಡಿ."

ಗಿರಿಜಾಂಬಾ ಕರವಸ್ತ್ರದಿಂದ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಎರಡು ಬೆರಳಿನಷ್ಟಗಲದ ಫಿಲಂ. ಕಿಟಕಿಯ ಬೆಳಕಿಗೆ ಹಿಡಿದೆ. ಸುತ್ತಲೂ ಮಸಿಯ ಬಣ್ಣ. ನಡುವೆ ಬೆಳ್ಳನೆಯ ಬಳೆಯಂಥ ನೆರಳು. ಬಳೆಯೊಳಗೆ ಒಂದು ಕಪ್ಪು ಚುಕ್ಕೆ. ಇದು ಇಂಥದೇ ನಾಣ್ಯದ ನೆರಳೆಂದು ಮಗುವೂ ಹೇಳಬಹುದಾಗಿತ್ತು.

"ಇಷ್ಟು ದಿನ ತಿಳಿಯಾಗೇ ಬರ್ತಿತ್ತು ಸಾರ್. ಈ ಸಲ ಹೀಗೆ. ನಾನು ಸೀಸದ ಹಲಗೆ ಮರೇಲೇ ನಿಲ್ತೀನಿ. ಒಂದು ದಿನವೂ ತಪ್ಪಿಲ್ಲ. ಆದರೂ ಇದು ಹೇಗೆ ಬಂತು?" ಎಂದಳು. ಕರವಸ್ತ್ರ ಮಡಿಸುತ್ತ, "ಮಗೂಗೆ ಏನಾಗಿರುತ್ತೆ ಸಾರ್?" ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಆ ಕಿರಣ ಕೆಟ್ಟದೆಂದು ನಾವಿಬ್ಬರೂ ಓದಿದ್ದೆವು. ಎಷ್ಟು ತಾಗಿದರೆ ಎಷ್ಟು ಕೆಟ್ಟದು ಎಂಬುದು ನಮ್ಮ ಪುಸ್ತಕಗಳಲ್ಲಿ ಇರಲಿಲ್ಲ. ಡಾಕ್ಟರ್ ರುದ್ರಸ್ವಾಮಿಯವರನ್ನು ಕೇಳಿದೆಯಾ ಎಂದೆ. ಕೇಳಿದ್ದಳು. "ಸುಮ್ಮನೆ ಗಾಬರಿ ಎಬ್ಬಿಸಬೇಡಮ್ಮ, ರೋಗಿಗಳು ಬರೋದೇ ನಿಂತುಹೋಗುತ್ತೆ" ಎಂದು ಅವರು ಕಳುಹಿಸಿಬಿಟ್ಟಿದ್ದರು. ಫಿಲಂ ವಿಷಯವನ್ನು ಗಂಡನಿಗೆ ಇನ್ನೂ ಹೇಳಿರಲಿಲ್ಲ.

ಅವಳು ಗೋಡೆಗೆ ಒರಗಿ ಕುಳಿತಳು. ಇಂದ್ರಮ್ಮ ಕೊಟ್ಟ ಕಾಫಿ ಆರುತ್ತಿತ್ತು. ನಾನು ಫಿಲಂ ಅನ್ನು ಮತ್ತೆ ಮತ್ತೆ ನೋಡಿದೆ. ಬಳೆಯ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟವಾಗಿತ್ತು. ಅದು ನನಗೆ ಸರಿಯೆನಿಸಲಿಲ್ಲ. ಓಡಾಡುವ ಮನುಷ್ಯನ ಮೇಲೆ ಕಿರಣ ಬಿದ್ದರೆ ಹಿಂದಿನಿಂದ, ಮುಂದಿನಿಂದ, ಓರೆಯಿಂದ, ಎಲ್ಲ ಕಡೆಯಿಂದಲೂ ಬೀಳಬೇಕು. ಆಗ ನೆರಳು ಕಲಸಿದಂತಿರಬೇಕು. ಇದಾದರೋ ಒಂದೇ ಕಡೆಯಿಂದ, ಅಲುಗದೆ ನಿಂತ ವಸ್ತುವಿನ ಮೇಲೆ ಬಿದ್ದ ಹಾಗಿತ್ತು.

"ಗಿರಿಜಾ, ನೀನು ಮನೆಗೆ ಬಂದಮೇಲೆ ಆ ಕೋಟು ಎಲ್ಲಿರುತ್ತೆ?"

"ಅಲ್ಲೇ ಸಾರ್, ಎಕ್ಸ್-ರೇ ಕೋಣೇಲಿ. ಮನೆಗೆ ತರೋ ಹಾಗಿಲ್ಲವಲ್ಲ. ಮೊದಲು ಬೀರುವಿನಲ್ಲಿ ಇಡ್ತಿದ್ದೆ. ಬೀರು ತುಂಬಿಹೋಯ್ತು ಅಂತ ಹೋದ ತಿಂಗಳ ಕೊನೆಯಿಂದ ಗೋಡೆ ಮೊಳೆಗೆ…"

ಅಷ್ಟು ಹೇಳಿ ನೆಟ್ಟಗೆ ಕುಳಿತಳು. ಎದೆಯ ಚಿತ್ರ ತೆಗೆಯುವಾಗ ರೋಗಿಯನ್ನು ನಿಲ್ಲಿಸುವ ಚೌಕಟ್ಟಿನ ಪಕ್ಕದ ಗೋಡೆಯಲ್ಲೇ ಆ ಮೊಳೆಯಿತ್ತು. ಮಧ್ಯಾಹ್ನ ಇವಳು ಮನೆಗೆ ಊಟಕ್ಕೆ ಹೋದಾಗ ಕಾಳಯ್ಯನವರು ಗಂಡಸರ ಎದೆಯ ಚಿತ್ರಗಳನ್ನು ಸಾಲಾಗಿ ತೆಗೆಯುತ್ತಿದ್ದರು. ಕಿರಣದ ಅಂಚು ತಾಗಿರುವುದು ಬರೀ ಕೋಟಿಗೆ, ನಿನಗಲ್ಲ ಎಂದೆ.

"ಇರಬಹುದು. ಇಲ್ಲದೆಯೂ ಇರಬಹುದು" ಎಂದಳು ಗಿರಿಜಾಂಬಾ. ಸಮಾಧಾನದ ಮಾತಿಗೆ ಒಲಿಯುವವಳಲ್ಲ.

ಹಾಗಾದರೆ ಪ್ರಯೋಗ ಮಾಡುವುದೇ ಸರಿಯೆಂದು ತೀರ್ಮಾನವಾಯಿತು. ಎರಡು ಫಿಲಂ, ಎರಡಕ್ಕೂ ಒಂದೊಂದು ತೂತುಗಾಸು. ಒಂದು ಕೋಟಿನ ಜೇಬಿನಲ್ಲಿ, ಅದೇ ಮೊಳೆಯ ಮೇಲೆ. ಇನ್ನೊಂದು ಅವಳ ಮೈಮೇಲೆ, ಕುಪ್ಪಸದ ಒಳಗೆ ಪಿನ್ನಿನಿಂದ ಚುಚ್ಚಿಕೊಂಡು. ಸ್ನಾನದ ಹೊತ್ತು ಬಿಟ್ಟರೆ ಅದು ಮೈಬಿಟ್ಟು ಹೋಗಕೂಡದು. ಎರಡು ವಾರ ಎಂದಿನಂತೆ ಕೆಲಸ ಮಾಡಬೇಕು. ರಜೆ ಹಾಕಿದರೆ ಏನೂ ತಿಳಿಯುವುದಿಲ್ಲ.

"ಎಂದಿನಂತೆ ಕೆಲಸ" ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಆ ಎರಡು ವಾರ ಅವಳು ಪಟ್ಟ ಪಾಡನ್ನು ಇಂದ್ರಮ್ಮನ ಹತ್ತಿರ ಮಾತ್ರ ಹೇಳಿಕೊಂಡಳು. ಯಂತ್ರದ ಗುಂಡಿ ಒತ್ತುವಾಗಲೆಲ್ಲ ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತಂತೆ. ಕಾಲು ಸೊಟ್ಟಗಿದ್ದ, ಬೆನ್ನು ಡೊಂಕಾಗಿದ್ದ ಮಕ್ಕಳು ಚಿತ್ರ ತೆಗೆಸಲು ಬಂದರೆ, ಅವರ ತಾಯಂದಿರ ಮುಖ ನೋಡಲಾಗುತ್ತಿರಲಿಲ್ಲವಂತೆ. ಮನೆಯಲ್ಲಿ ದೇವಿರಮ್ಮನವರು ಹಳೆಯ ರೇಷ್ಮೆಸೀರೆಯ ತುಂಡಿನಿಂದ ಕುಲಾವಿ ಹೊಲಿಯಲು ಕೂತರೆ ಇವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಅತ್ತೆಯ ಕಣ್ಣಿಗೆ ಆ ಪೊಟ್ಟಣ ಬಿತ್ತು.

"ಇದೇನಮ್ಮ ಇದು? ತಾಯತವಾ? ಯಾರು ಕಟ್ಟಿದ್ದು?"

"ನಮ್ಮ ಮೇಷ್ಟ್ರು ಕೊಟ್ಟದ್ದು ಅತ್ತೆ."

"ಮೇಷ್ಟ್ರು ಮಂತ್ರಾನೂ ಹಾಕ್ತಾರಾ? ತೂತುಗಾಸು ಬೇರೆ ಇಟ್ಟವ್ರೆ. ಒಳಗೇನದೆ, ತಾ ನೋಡಾನ" ಎಂದು ದೇವಿರಮ್ಮನವರು ಕಪ್ಪು ಕಾಗದದ ತುದಿಗೆ ಉಗುರು ಹಾಕಿದರು. ಹಗಲಿನ ಬೆಳಕು ಒಂದು ಕ್ಷಣ ತಾಗಿದರೂ ಎಲ್ಲವೂ ಹಾಳಾಗುತ್ತಿತ್ತು.

"ಬಿಚ್ಚಬೇಡಿ ಅತ್ತೆ! ಬಿಚ್ಚಿದರೆ ಫಲ ಹೋಗುತ್ತೆ!" ಎಂದು ಗಿರಿಜಾಂಬಾ ಅತ್ತೆಯ ಕೈಯನ್ನೇ ಹಿಡಿದುಬಿಟ್ಟಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ದೇವಿರಮ್ಮನವರು ಬೆಚ್ಚಿ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಅದಕ್ಕೆ ಒಂದಿಷ್ಟು ವಿಭೂತಿ ಹಚ್ಚಿ, ತಾವೇ ಮತ್ತೆ ಪಿನ್ನು ಹಾಕಿದರು. "ಇಷ್ಟು ಭಕ್ತಿ ಇದ್ರೆ ಮೊದಲೇ ಹೇಳಬಾರದಾ? ಅಂಗಾದ್ರೆ ತೆಗೀಬ್ಯಾಡ ಕಣಮ್ಮ. ಹೆರಿಗೆ ಆಗೋಗಂಟ ಇರಲಿ" ಎಂದರು.

ಆ ಎರಡು ವಾರದ ನಡುವೆಯೇ ಬೆಳಗಿನ ಹೊತ್ತು ಒಂದು ಸೂರ್ಯಗ್ರಹಣವೂ ಬಂತು. ಬಸುರಿ ಹೆಂಗಸು ಗ್ರಹಣದ ಹೊತ್ತು ಹೊರಗೆ ಕಾಣಿಸಿಕೊಳ್ಳಬಾರದೆಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ನಂಬಿಕೆ. ದೇವಿರಮ್ಮನವರು ಕೋಣೆಯ ಕಿಟಕಿಗೆ ಕಂಬಳಿ ಬಿಗಿದು ಸೊಸೆಯನ್ನು ಒಳಗೆ ಕೂಡಿಸಿದರು. ತಾವು ಬಾಗಿಲಿಗೆ ಅಡ್ಡವಾಗಿ ಕುಳಿತರು.

"ಒಂದೆಳೆ ಕಿರಣ ತಾಗಿದ್ರೂ ಮಗೀಗೆ ತುಟಿ ಸೀಳ್ತದೆ. ಅಲುಗಬ್ಯಾಡ. ಕತ್ತರಿ ಗಿತ್ತರಿ ಮುಟ್ಟಬ್ಯಾಡ."

ಗ್ರಹಣವೆಂದರೇನೆಂದು ಚಿತ್ರ ಬರೆದು ವಿವರಿಸಿ ಪರೀಕ್ಷೆಯಲ್ಲಿ ಅಂಕ ಪಡೆದಿದ್ದ ಹುಡುಗಿ ಅವಳು. ಬೇರೆ ಕಾಲವಾಗಿದ್ದರೆ ಅತ್ತೆಗೆ ಕಿತ್ತಳೆಹಣ್ಣು, ನಿಂಬೆಹಣ್ಣು ಇಟ್ಟು ವಿವರಿಸುತ್ತಿದ್ದಳೋ ಏನೋ. ಆವತ್ತು ಅತ್ತೆ ಹೇಳಿದಲ್ಲೇ ಕುಳಿತಳು. ಕಂಬಳಿಯ ನೇಯ್ಗೆಯ ಸಂದಿನಿಂದ ಒಂದು ಬೆಳಕಿನ ಚುಕ್ಕೆ ನೆಲದ ಮೇಲೆ ಬಿದ್ದಿತ್ತು. ಅದು ತನ್ನ ಕಡೆ ಸರಿದು ಬರುತ್ತಿದ್ದಂತೆ ಅವಳು ಕಾಲು ಮಡಿಚಿಕೊಂಡು ಮೂಲೆಗೆ ಸರಿದಳಂತೆ. "ಅದು ಬರೀ ಬಿಸಿಲು ಅಂತ ಗೊತ್ತಿತ್ತು ಅಮ್ಮ, ಆದರೂ ಸರಿದೆ" ಎಂದು ಇಂದ್ರಮ್ಮನ ಎದುರು ಅತ್ತಳು.

ಫಿಲಂ ತೊಳೆಯುವ ದಿನ ಬಂತು. ಅವಳು ಕಾಳಯ್ಯನವರಿಗೂ ಹೇಳದೆ ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡಳು. ಅಲ್ಲಿದ್ದದ್ದು ಒಂದು ಕೆಂಪುದೀಪ, ದ್ರಾವಣದ ಎರಡು ತಟ್ಟೆ, ನೀರಿನ ತೊಟ್ಟಿ. ಯಾವ ಫಿಲಂ ಯಾವುದೆಂದು ತಿಳಿಯಲು ಕೋಟಿನದರ ಮೂಲೆಯನ್ನು ಕತ್ತರಿಸಿ, ಎರಡನ್ನೂ ಒಟ್ಟಿಗೆ ಮುಳುಗಿಸಿದಳು. ಮೂಲೆ ಕತ್ತರಿಸಿದ್ದು ನೋಡುತ್ತಿದ್ದ ಹಾಗೆಯೇ ಕಪ್ಪಾಗತೊಡಗಿತು. ಅದರ ನಡುವೆ ಬಳೆಯಂಥ ನೆರಳು ಮೂಡಿತು. ಇನ್ನೊಂದು ಹಾಗೆಯೇ ಇತ್ತು. ಇನ್ನೂ ಕಾದಳು. ಹಾಗೆಯೇ ಇತ್ತು. ಹೊರಗೆ ತಂದು ದೀಪಕ್ಕೆ ಹಿಡಿದರೆ ಕಿಟಕಿಯ ಗಾಜಿನಂತೆ ತಿಳಿಯಾಗಿತ್ತು.

ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೇ ಬಂದಳು. ಸದ್ಯ, ಗಂಡಾಂತರ ಕಳೆಯಿತು ಎಂದು ಇಂದ್ರಮ್ಮ ಸಕ್ಕರೆ ತರಲು ಒಳಗೆ ಹೋದಳು. ಗಿರಿಜಾಂಬಾ ಮಾತ್ರ ನಿಂತೇ ಇದ್ದಳು.

"ಸಾರ್, ಕೋಟಿನ ವಿಷಯ ಗೊತ್ತಾಯ್ತು. ಈ ಎರಡು ವಾರದ ವಿಷಯವೂ ಗೊತ್ತಾಯ್ತು. ಜನವರಿ ಕಡೇಲಿ ಕಡಕೊಳದಿಂದ ಒಂದು ಮಗು ಬಂದಿತ್ತು, ತೊಡೆ ಮುರಿದುಕೊಂಡು. ಅದು ಒದ್ದಾಡ್ತಿತ್ತು. ಕಾಳಯ್ಯನೋರು ಗುಂಡಿ ಒತ್ತಿದರು, ನಾನು ಕಾಲು ಹಿಡಿದುಕೊಂಡಿದ್ದೆ. ಸೀಸದ ಹೊದಿಕೆ ಹಾಕ್ಕೊಳ್ಳೋಕೆ ಹೊತ್ತಿರಲಿಲ್ಲ. ಆಗಲೇ ನನಗೆ… ನನಗೇ ಗೊತ್ತಿರಲಿಲ್ಲ ಸಾರ್. ಕೋಟನ್ನ ಆಗ ಬೀರುವಿನಲ್ಲಿ ತೆಗೆದಿಟ್ಟಿದ್ದೆ, ಮುಚ್ಚಿದ ಕೋಣೆ ಸೆಕೆ ಅಂತ. ಜೇಬಿನಲ್ಲಿದ್ದ ಫಿಲಂ ತಿಳಿಯಾಗೇ ಬಂತು."

ಅದಕ್ಕೆ ನಮ್ಮಲ್ಲಿ ಯಾವ ಪ್ರಯೋಗವೂ ಇರಲಿಲ್ಲ. ಇಂದ್ರಮ್ಮ ಸಕ್ಕರೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

ಹೆರಿಗೆಯವರೆಗೂ ಆ ಭಯ ಅವಳನ್ನು ಬಿಡಲಿಲ್ಲ. ಗಂಡನಿಗೆ ಹೇಳಿದಳು. ಪ್ರಭುಸ್ವಾಮಿ ಕೋಪಿಸಿಕೊಳ್ಳಲಿಲ್ಲ; ದಿನವೂ ಕಾರ್ಯಾಗಾರದಿಂದ ಬಂದು ಕೈಕಾಲು ತೊಳೆದು ಅವಳ ಪಕ್ಕದಲ್ಲಿ ಕುಳಿತಿರುತ್ತಿದ್ದ. ಏಳನೆಯ ತಿಂಗಳಲ್ಲಿ ಬಳೆ ತೊಡಿಸುವಾಗ ಎಲ್ಲರೂ ಹಾಡುತ್ತಿದ್ದರೆ ಇವಳ ಕೈ ತಣ್ಣಗಿತ್ತೆಂದು ಇಂದ್ರಮ್ಮ ಬಂದು ಹೇಳಿದಳು.

ಅಕ್ಟೋಬರಿನಲ್ಲಿ, ದಸರೆಯ ರಜೆ ಶುರುವಾಗುವ ಮೊದಲು ಹೆರಿಗೆಯಾಯಿತು. ಮಗುವಿನ ಅಳು ಕೇಳಿದೊಡನೆ ಗಿರಿಜಾಂಬಾ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. "ಸರಿಯಾಗಿದೆಯಾ?" ಎಂದಳು.

"ಹೆಣ್ಣು ಕಣವ್ವ" ಎಂದರು ದೇವಿರಮ್ಮನವರು. "ಸರಿಯಾಗಿದೆಯಾ ಅಂದ್ರೇನು? ಬಾಯಿ ಕೇಳು, ಬೀದಿ ಕೊನೆಗಂಟ ಕೇಳ್ತದೆ. ನಿನ್ನಂಗಲ್ಲ ಬುಡು, ಇವಳು ಮಾತಾಡ್ತಾಳೆ."

"ಕೈ ನೋಡಿ ಅತ್ತೆ. ಕಾಲು ನೋಡಿ. ತುಟಿ ನೋಡಿ."

ಎಲ್ಲವೂ ಸರಿಯಾಗಿತ್ತು. ಆ ಮಗು ಈಗ ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದೆ. ಆದರೂ ಅದಕ್ಕೆ ಜ್ವರ ಬಂದರೆ, ಮೂಗಿನಲ್ಲಿ ರಕ್ತ ಬಂದರೆ, ತಾಯಿ ಇಂದಿಗೂ ಕಡಕೊಳದ ಆ ಮಗುವಿನ ಕಾಲನ್ನೇ ನೆನೆಯುತ್ತಾಳೆ.

ಬಾಣಂತನ ಮುಗಿದ ಮೇಲೆ ಪ್ರಭುಸ್ವಾಮಿ ಒಂದು ಭಾನುವಾರ ಅವಳನ್ನು ನನ್ನಲ್ಲಿಗೆ ಕರೆತಂದ. "ಬೇರೆ ಕೆಲಸ ಕೊಡಿಸಿ ಸಾರ್. ಆ ಕೋಣೆ ಸಾಕು" ಎಂದ. ಆಗ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಜಾಗವೊಂದು ಖಾಲಿಯಿತ್ತು. ಪ್ರಯೋಗಶಾಲೆಯ ಕೆಲಸ, ಗಟ್ಟಿಯಾಗಿ ಕೂಗಬೇಕಾಗಿಲ್ಲ. ಅವಳಿಗೆ ಹೇಳಿಮಾಡಿಸಿದಂತಿತ್ತು. ನಾನು ಪ್ರಿನ್ಸಿಪಾಲರಿಗೂ ಹೇಳಿಟ್ಟಿದ್ದೆ. ಗಿರಿಜಾಂಬಾ ಮಗುವಿನ ಕುಲಾವಿಯ ದಾರ ಬಿಗಿದಳು.

"ನನಗೇ, ಇಷ್ಟು ಓದಿದವಳಿಗೇ, ಬಸುರಿ ಅಂತ ಗೊತ್ತಾಗದೆ ಕಿರಣದ ಎದುರು ನಿಂತುಬಿಟ್ಟೆ. ಅಲ್ಲಿಗೆ ಬರೋ ಹೆಂಗಸರಿಗೆ ಯಾರು ಹೇಳ್ತಾರೆ?" ಎಂದಳು. "ಕಾಳಯ್ಯನೋರು ಕೇಳೋ ಹಾಗಿಲ್ಲ. ಕೇಳಿದರೂ ಆ ಹೆಂಗಸರು ಗಂಡಸಿನ ಹತ್ತಿರ ಹೇಳೋದಿಲ್ಲ."

ಮತ್ತೆ ಅದೇ ಕೋಣೆಗೆ ಹೋದಳು. ಮೊದಲು ಆ ಮೊಳೆಯನ್ನು ಕೀಳಿಸಿದಳು. ಕಾಳಯ್ಯನವರು ಎಷ್ಟು ಹೇಳಿದರೂ ಕೈ ಒಡ್ಡುವುದನ್ನು ಬಿಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅವರ ನಡುಬೆರಳಿನ ಹುಣ್ಣು ಮಾಯದೆ, ಬೆರಳನ್ನೇ ತೆಗೆಯಬೇಕಾಯಿತು. ಅದಾದಮೇಲೆ ಅವರು ಯಂತ್ರದ ಹತ್ತಿರ ಹೋಗದೆ ಹೊರಗೆ ಚೀಟಿ ಬರೆಯುತ್ತ ಕುಳಿತರು. ನಿವೃತ್ತರಾಗುವವರೆಗೂ ಇವಳನ್ನು ಕಂಡರೆ ಆ ಕೈಯನ್ನು ಪಂಚೆಯಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ಈಗ ಎಕ್ಸ್-ರೇ ವಿಭಾಗ ಗಿರಿಜಾಂಬಾಳ ಕೈಯಲ್ಲಿದೆ. ಕಳೆದ ತಿಂಗಳು ನನ್ನ ಕೆಮ್ಮಿಗಾಗಿ ಅಲ್ಲಿಗೆ ಹೋಗಿದ್ದೆ. ಹೊರಗಿನ ಬೆಂಚಿನಲ್ಲಿ ಕುಳಿತು ಅವಳ ಕೆಲಸ ನೋಡಿದೆ. ಹೆಂಗಸರು ಬಂದರೆ ಜೊತೆಯ ಗಂಡಸರನ್ನೂ ಅತ್ತೆಯರನ್ನೂ ಅವಳು ಒಳಗೆ ಬಿಡುವುದಿಲ್ಲ. ಪರದೆ ಎಳೆದು ಕಿವಿಯ ಹತ್ತಿರ ಬಾಗಿ ಕೇಳುತ್ತಾಳಂತೆ: "ಅಮ್ಮ, ಈ ತಿಂಗಳು ಮುಟ್ಟಾದಿರಾ?" ಯಾರೂ ಬಾಯಿ ಬಿಟ್ಟು ಉತ್ತರ ಹೇಳುವುದಿಲ್ಲ. ತಲೆ ಅಲ್ಲಾಡಿಸುವುದನ್ನೋ, ಕಣ್ಣು ಕೆಳಗೆ ಹೋಗುವುದನ್ನೋ ಅವಳು ಕಾಯುತ್ತಾಳಂತೆ.

ಆವತ್ತು ಹೊಸದಾಗಿ ಮದುವೆಯಾಗಿದ್ದ ಹಳ್ಳಿಯ ಹುಡುಗಿಯೊಬ್ಬಳು ಸೊಂಟನೋವೆಂದು ಬಂದಿದ್ದಳು. ಪರದೆಯ ಹಿಂದೆ ಹೋದವಳು ಚಿತ್ರ ತೆಗೆಸದೆಯೇ ಹೊರಗೆ ಬಂದಳು. ಅವಳ ಅತ್ತೆ ಗಲಾಟೆ ಮಾಡಿದರು. ಡಾಕ್ಟರ್ ರುದ್ರಸ್ವಾಮಿಯವರೂ ಬಂದರು. ಈಗ ಅವರ ತಲೆ ಪೂರ್ತಿ ನೆರೆತಿದೆ.

"ಏನಮ್ಮ ಇದು ದಿನಾ? ನಾನು ಬರೆದುಕೊಟ್ಟಮೇಲೆ ತೆಗೆಯೋದು ನಿನ್ನ ಕೆಲಸ."

"ಈವತ್ತು ತೆಗೆಯೋದಿಲ್ಲ ಸಾರ್" ಎಂದಳು ಗಿರಿಜಾಂಬಾ. "ಹದಿನೈದು ದಿನ ಬಿಟ್ಟು ಬರಲಿ. ಆಗ ಗೊತ್ತಾಗುತ್ತೆ."

ಡಾಕ್ಟರು ಏನೋ ಗೊಣಗಿಕೊಂಡು ಹೊರಟುಹೋದರು. ಅವರು ಮರೆಯಾಗುವವರೆಗೂ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಆಮೇಲೆ ಮುಂದಿನ ಹೆಂಗಸಿನ ಹೆಸರು ಕೂಗಿ, ಅವಳನ್ನು ಒಳಗೆ ಕರೆದುಕೊಂಡು ಪರದೆ ಎಳೆದಳು.